ಮೂಗಿಗೆ ಎಷ್ಟು ಹೊಗೆ? ವೇಣೂರಿನಿಂದ ನಂತೂರಿನವರೆಗೆ ಒಂದು ಲೆಕ್ಕ

ಬೆಳಗ್ಗೆ ವೇಣೂರಿನಿಂದ ಬೈಕಿನಲ್ಲಿ ಹೊರಟು, ಮೂಡುಬಿದಿರೆ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ನೆನೆಯಿರಿ. ಊರಲ್ಲಿ ಫಲ್ಗುಣಿ ಹೊಳೆ ಬದಿಯ ತಂಪು ಗಾಳಿ. ಅದೇ ಹೊಳೆಯನ್ನು ಗುರುಪುರದಲ್ಲಿ ದಾಟಿ ಮಂಗಳೂರಿನ ನಂತೂರು ಮುಟ್ಟುವಾಗ ಮುಖ ಒರೆಸಿದ ಕರವಸ್ತ್ರ ಕಪ್ಪು. ಆದರೆ ಕರವಸ್ತ್ರಕ್ಕೆ ಅಂಟುವುದು ದಪ್ಪ ಧೂಳು ಮಾತ್ರ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 2.5 ಮೈಕ್ರೋಮೀಟರಿಗಿಂತ ಸಣ್ಣವು, ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು.

2020ರ ಏಪ್ರಿಲ್‌ನಿಂದ ಬಂದ ಬಿಎಸ್‌-6 ವಾಹನಗಳು ಕಡಿಮೆ ಹೊಗೆ ಉಗುಳುತ್ತವೆ. ಆದರೂ ಹಳೆಯ ಲಾರಿಗಳು ರಸ್ತೆಯಲ್ಲಿವೆ. ಬ್ರೇಕ್ ಮತ್ತು ಟಯರ್ ಸವೆದ ಪುಡಿ ಎಲ್ಲ ವಾಹನಗಳಿಂದಲೂ ಬರುತ್ತದೆ.

ನಿಮ್ಮೊಳಗೆ ಹೋಗುವುದೆಷ್ಟು? ಮೂರನ್ನು ಗುಣಿಸಬೇಕು: ಗಾಳಿಯಲ್ಲಿ ಎಷ್ಟಿದೆ, ಅಲ್ಲಿ ಎಷ್ಟು ಹೊತ್ತು ಇದ್ದಿರಿ, ಎಷ್ಟು ಉಸಿರು ಎಳೆದಿರಿ. ಘನ ಮೀಟರ್ ಗಾಳಿಯಲ್ಲಿ ಈ ಸಣ್ಣ ಕಣಗಳಿಗೆ ನಮ್ಮ ದೇಶದ ದಿನದ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ ಇಡೀ ದಿನದ ಸರಾಸರಿ. ಲಾರಿಯ ಹಿಂದೆ ನಿಂತ ಹತ್ತು ನಿಮಿಷ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ, ಎದೆಯಲ್ಲಿ ಕರಗುವುದಿಲ್ಲ.

ಹಾಗಾಗಿ ಆ ಹತ್ತು ನಿಮಿಷವನ್ನೇ ತಿದ್ದಿಕೊಳ್ಳಬೇಕು.

ದೂರ: ಹೊಗೆಯ ಸಾಂದ್ರತೆ ರಸ್ತೆಯ ಅಂಚಿನಿಂದ ಬೇಗ ಇಳಿಯುತ್ತದೆ, ಕೆಲವು ನೂರು ಮೀಟರ್ ಆಚೆ ಬಹುಪಾಲು ಚದುರಿರುತ್ತದೆ. ಬಸ್ಸಿಗೆ ಕಾಯುವಾಗ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಟ್ರಾಫಿಕ್ ಬ್ಲಾಕ್‌ನಲ್ಲಿ ಬಸ್ಸಿನ ಸೈಲೆನ್ಸರ್‌ ನೇರಕ್ಕೆ ಬೈಕ್ ನಿಲ್ಲಿಸಬೇಡಿ.

ಕಾರು: ಗಾಜು ಏರಿಸಿದ ಮಾತ್ರಕ್ಕೆ ಹೊಗೆ ತಪ್ಪದು, ಎಸಿ ಹೊರಗಿನ ಗಾಳಿಯನ್ನೇ ಎಳೆಯುತ್ತಿರಬಹುದು. ಬ್ಲಾಕ್‌ನಲ್ಲಿ ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತಿ. ಖಾಲಿ ರಸ್ತೆ ಸಿಕ್ಕಿದ ಕೂಡಲೇ ಅದನ್ನು ಆಫ್ ಮಾಡಿ, ಇಲ್ಲವಾದರೆ ಕಾರ್ಬನ್ ಡೈಆಕ್ಸೈಡ್ ಏರಿ ತೂಕಡಿಕೆ ಬರಬಹುದು.

ಮಾಸ್ಕ್: ಕರವಸ್ತ್ರ ಸಣ್ಣ ಕಣಗಳನ್ನು ತಡೆಯುವುದು ಅಷ್ಟಕ್ಕಷ್ಟೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ತಡೆಯುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲವನ್ನಲ್ಲ.

ಹೊತ್ತು: ಚಳಿಗಾಲದ ಬೆಳಗ್ಗೆ ನೆಲದ ತಂಪು ಗಾಳಿ ಮೇಲೇಳದೆ ಹೊಗೆಯೂ ಅಲ್ಲೇ ಕೂತಿರುತ್ತದೆ. ಓಡುವವರು ದುಪ್ಪಟ್ಟಿಗೂ ಮೀರಿ ಉಸಿರೆಳೆಯುತ್ತಾರೆ. ವ್ಯಾಯಾಮಕ್ಕೆ ಹೆದ್ದಾರಿ ಬದಿ ಬೇಡ, ತೋಟದ ದಾರಿ ಸಾಕು.

ಕೊನೆಯದು, ಕಾಸಿಲ್ಲದ್ದು: ನಂತೂರಿನಲ್ಲಿ ಸಾಲು ಕದಲದಿದ್ದರೆ ಎಂಜಿನ್ ಆಫ್ ಮಾಡಿ. ನಿಮ್ಮ ಸೈಲೆನ್ಸರ್‌ ಹಿಂದೆಯೂ ಒಂದು ಮೂಗು ಇದೆ.