ಎದುರು ಕಕ್ಷಿಯ ವಕೀಲರು ಕನ್ನಡ ಮಾತಾಡಿದಾಗ

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯೂ ಒಡೆಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಿಲಂಗಾ, ಉದಗೀರಗಳು ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಅಲ್ಲಿನ ಕನ್ನಡ ಕುಟುಂಬಗಳಿಗೆ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಈ ಪಾಡನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಊರಿನಲ್ಲಿ ಹೊಲದ ಪಾಲಿಗಾಗಿ ಒಂದು ದಾವೆ ಹೂಡಲಾಗಿದೆ ಎಂದಿಟ್ಟುಕೊಳ್ಳೋಣ. ಸಮನ್ಸು ಮರಾಠಿಯಲ್ಲಿದೆ. ವಕೀಲರನ್ನಿಡಲು ಹಣವಿಲ್ಲದ ವಿಧವೆಯೊಬ್ಬಳು ಕೋರ್ಟಿನ ಜಗಲಿಯಲ್ಲಿ ನಿಂತಿದ್ದಾಳೆ. ಕರಿಕೋಟಿನವರೊಬ್ಬರು ಬಂದು, "ಅಂಜಬ್ಯಾಡ್ರಿ ಅಕ್ಕಾ, ಇಲ್ಲಿ ಹೆಬ್ಬೆಟ್ಟು ಒತ್ರಿ, ರಾಜಿ ಆಗ್ತದ" ಎನ್ನುತ್ತಾರೆ. ಅವರು ಯಾರ ಪರ ಎಂದು ಆಕೆ ಕೇಳುವುದಿಲ್ಲ. ನಮ್ಮ ಮಾತಾಡುವವರು ನಮ್ಮವರೇ ಎಂದು ನಂಬುತ್ತಾಳೆ. ಅವರಾದರೋ ಎದುರು ಕಕ್ಷಿಯ ವಕೀಲರು.

ಇಲ್ಲಿ ವಕೀಲರ ಧರ್ಮವೇನು? 1961ರ ವಕೀಲರ ಅಧಿನಿಯಮದಡಿ ಭಾರತೀಯ ವಕೀಲರ ಪರಿಷತ್ತು ನಡತೆಯ ನಿಯಮಗಳನ್ನು ಮಾಡಿದೆ. ಪ್ರತಿಕಕ್ಷಿಗೆ ವಕೀಲರಿದ್ದರೆ ಆ ವಕೀಲರ ಮೂಲಕವೇ ಹೊರತು ನೇರವಾಗಿ ವ್ಯಾಜ್ಯದ ಮಾತು ಆಡಕೂಡದು ಎಂದು 34ನೆಯ ನಿಯಮ ಕಟ್ಟುನಿಟ್ಟಾಗಿ ಹೇಳುತ್ತದೆ. ವಕೀಲರೇ ಇಲ್ಲದವರ ವಿಷಯದಲ್ಲಿ ಅಷ್ಟು ನೇರವಾದ ಮಾತು ಅಲ್ಲಿಲ್ಲ. ಹೆಚ್ಚು ರಕ್ಷಣೆ ಬೇಕಾದವರಿಗೇ ರಕ್ಷಣೆ ಕಡಿಮೆ!

ಅಮೆರಿಕದ ವಕೀಲರ ಸಂಘ ತನ್ನ ಮಾದರಿ ನಿಯಮಗಳಲ್ಲಿ ಈ ಕೊರತೆಯನ್ನು ತುಂಬಿದೆ. ವಕೀಲರಿಲ್ಲದವನೊಡನೆ ಮಾತಾಡುವಾಗ ತಾನು ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳಬಾರದು. ಆತ ತಪ್ಪಾಗಿ ತಿಳಿದಿದ್ದರೆ ತಿದ್ದಲು ಯತ್ನಿಸಬೇಕು. ಹಿತಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ "ನಿಮ್ಮದೇ ವಕೀಲರನ್ನು ಹಿಡಿಯಿರಿ" ಎಂಬುದರ ಹೊರತು ಕಾನೂನಿನ ಸಲಹೆ ಕೊಡಬಾರದು. ರಾಜಿಯ ಮಾತೇ ಬೇಡವೆಂದು ಇದರ ಅರ್ಥವಲ್ಲ. ತನ್ನ ಕಕ್ಷಿದಾರನ ಪರ ದುಡಿಯುವುದು ವಕೀಲರ ಕರ್ತವ್ಯ. ಅದನ್ನು ಮರೆಮಾಚುವುದು ಮಾತ್ರ ವಂಚನೆ.

ನಮ್ಮ ನಿಯಮಗಳೂ ಬರಿದಲ್ಲ. ಪ್ರತಿಕಕ್ಷಿಗೆ ಕೊಟ್ಟ ನ್ಯಾಯವಾದ ಮಾತನ್ನು, ಬರವಣಿಗೆಯಲ್ಲಿ ಇಲ್ಲದಿದ್ದರೂ, ಉಳಿಸಿಕೊಳ್ಳಲು ವಕೀಲರು ಕೈಲಾದಷ್ಟು ಯತ್ನಿಸಬೇಕು. ಬಡವರಿಗೆ ಉಚಿತ ನೆರವು ಅವರ ಉನ್ನತ ಹೊಣೆಗಳಲ್ಲೊಂದು. ದುರ್ನಡತೆಯ ದೂರನ್ನು 35ನೆಯ ಕಲಮಿನಡಿ ರಾಜ್ಯದ ವಕೀಲರ ಪರಿಷತ್ತಿಗೆ ಕೊಡಬಹುದು. ಆದರೆ ಒತ್ತಿದ ಹೆಬ್ಬೆಟ್ಟನ್ನು ಅಳಿಸಲು ವರ್ಷಗಳೇ ಬೇಕಾದೀತು. ಆದ್ದರಿಂದ ಒತ್ತುವ ಮೊದಲಿನ ಎಚ್ಚರವೇ ಲೇಸು.

1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರಕಾರದ ಹೊಣೆಯಾಗಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಅದರಡಿ ವಕೀಲರನ್ನು ಕೇಳಬಹುದು. ಇಂಥ ವರ್ಗಗಳಿಗೆ ಸೇರದವರಿಗೆ ಆದಾಯದ ಮಿತಿಯುಂಟು. ಆ ವಿಧವೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕಿತ್ತು.

ಆ ಗಡಿಯವರಿಗೂ ಈ ಗಡಿಯ ನಮಗೂ ಹೇಳುವುದು ಇಷ್ಟೆ: ಕೋರ್ಟಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಂತೋಷಪಡಿ. ಆದರೆ ಕಾಗದ ಮುಟ್ಟುವ ಮೊದಲು "ನೀವು ಯಾರ ಪರ?" ಎಂದು ಕೇಳಿ. ಪ್ರಾಮಾಣಿಕ ವಕೀಲರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಕೇಳುವ ಮೊದಲೇ ಅವರು ಹೇಳಿರುತ್ತಾರೆ.