ಶ್ರೀರಾಮನಗರ: ಕಾಲುವೆಯಿಂದ ಹುಟ್ಟಿದ ಊರು



ಬತ್ತ ಬೆಳೆಯುವ ಹಳ್ಳಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮಲೆನಾಡಿನ ಕಣಿವೆಯೋ ಕಾವೇರಿಯ ಬಯಲೋ ನೆನಪಿಗೆ ಬರುವುದು. ಭೂಗೋಳವನ್ನು ಓದಿದವರು ಜಾವಾ ದ್ವೀಪದ ಮೆಟ್ಟಿಲು ಗದ್ದೆಗಳನ್ನೂ ನೆನೆಯಬಹುದು. ಅಲ್ಲಿಯ ಜನರು ತಮ್ಮ ನೀರುಗದ್ದೆಯನ್ನು ‘ಸಾವಾ’ ಎಂದು ಕರೆಯುತ್ತಾರೆ. ಬೆಟ್ಟದ ತೊರೆಯನ್ನು ಮಡಿಯಿಂದ ಮಡಿಗೆ ಇಳಿಸಿಕೊಳ್ಳುವ ವಿದ್ಯೆ ಅವರಿಗೆ ಅಜ್ಜಂದಿರ ಕಾಲದಿಂದ ಬಂದ ಆಸ್ತಿ. ಇಂಥ ಹಳ್ಳಿಗಳಿಗೆ ಪುರಾಣವುಂಟು, ಗ್ರಾಮದೇವತೆಯುಂಟು, ಇಂಥವನು ಇಂಥ ಕಾಲದಲ್ಲಿ ಕೆರೆ ಕಟ್ಟಿಸಿದನೆಂಬ ಕಥೆಯುಂಟು. ಈ ಹೊತ್ತು ನಾನು ಹೇಳಹೊರಟಿರುವ ಹಳ್ಳಿಗೆ ಅಂಥ ವಂಶಾವಳಿ ಯಾವುದೂ ಇಲ್ಲ. ಗಂಗಾವತಿಯಿಂದ ಕಾರಟಗಿ, ಸಿಂಧನೂರುಗಳ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಶ್ರೀರಾಮನಗರವು ತುಂಗಭದ್ರಾ ಅಣೆಕಟ್ಟಿನ ತರುವಾಯ ಹುಟ್ಟಿದ ಊರು. ಮೊದಲು ಕಾಲುವೆ ಬಂದಿತು, ಅದರ ಹಿಂದೆ ಒಕ್ಕಲು ಬಂದಿತು, ಕಟ್ಟಕಡೆಗೆ ಊರೆಂಬುದು ಆಯಿತು.

ಊರು ಹೊಸದಾದರೂ ಸುತ್ತಲಿನ ನೆಲ ಹೊಸದಲ್ಲ. ಗಂಗಾವತಿಯ ಸೀಮೆಯಲ್ಲಿಯೇ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಕಲ್ಮನೆಗಳು ಚಪ್ಪಡಿಗಳನ್ನು ಹೊತ್ತುಕೊಂಡು ಇಂದಿಗೂ ನಿಂತಿವೆ. ಕೊಪ್ಪಳದ ಗವಿಮಠದ ಬಳಿಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ವು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು, ಆ ಕೊಪಣವೇ ಈಗಿನ ಕೊಪ್ಪಳ. ಇಂಥ ನಾಡಿನ ನಡುವೆ, ಮನೆಯೊಳಗೆ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ಒಂದು ಊರು ಹೇಗೆ ನೆಲೆಗೊಂಡಿತೆಂಬುದೇ ನನ್ನ ಮಾತಿನ ವಿಷಯ.

ಅಣೆಕಟ್ಟಿಗೆ ಮೊದಲು ಇಲ್ಲಿಯ ವ್ಯವಸಾಯ ಹೇಗಿದ್ದಿತೆಂಬುದನ್ನು ಸ್ವಲ್ಪ ತಿಳಿಯಬೇಕು. ನೆಲ ಬಹುಮಟ್ಟಿಗೆ ಎರೆ, ಅಲ್ಲಲ್ಲಿ ಮಸಾರಿ. ವರ್ಷದ ಮಳೆ ಸರಾಸರಿ ಆರುನೂರು ಮಿಲ್ಲಿಮೀಟರನ್ನು ಮುಟ್ಟುವುದಿಲ್ಲ, ಅದೂ ನಂಬತಕ್ಕದ್ದಲ್ಲ. ಎರೆಯ ಗುಣವೇನೆಂದರೆ, ಒಂದು ಸಲ ಚೆನ್ನಾಗಿ ನೆನೆದರೆ ಆ ತೇವವನ್ನು ತಿಂಗಳುಗಟ್ಟಲೆ ಹಿಡಿದುಕೊಂಡಿರುವುದು. ಆದಕಾರಣ ಹಿಂಗಾರಿನ ಹೊತ್ತಿಗೆ ಕೂರಿಗೆಯಿಂದ ಬಿಳಿಜೋಳ ಬಿತ್ತಿ, ಕುಸುಬೆ ಕಡಲೆಗಳನ್ನು ಜೊತೆಗಿಟ್ಟು, ಆಮೇಲೆ ಇಬ್ಬನಿಯನ್ನು ನಂಬಿಕೊಂಡು ಇರುವುದು ಇಲ್ಲಿಯ ಪದ್ಧತಿ. ಹತ್ತಿ, ನವಣೆ, ಶೇಂಗಾ ಇವೂ ಉಂಟು. ರೊಟ್ಟಿಯೇ ಊಟ, ಅನ್ನವೆಂಬುದು ಹಬ್ಬಕ್ಕೂ ಬೀಗರಿಗೂ ಮೀಸಲು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು. 1876ರಿಂದ 78ರವರೆಗಿನ ಕ್ಷಾಮವು ತುಂಗಭದ್ರೆಯ ಎರಡು ದಡಗಳಲ್ಲಿಯೂ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ.

ಆದರೆ ನೀರಾವರಿ ಈ ಸೀಮೆಗೆ ಸಂಪೂರ್ಣ ಅಪರಿಚಿತವಾಗಿತ್ತೆಂದು ಭಾವಿಸಬಾರದು. ವಿಜಯನಗರದ ಅರಸರು ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿಸಿ, ಆನೆಗೊಂದಿಯ ಕಾಲುವೆ, ಗಂಗಾವತಿಯ ಮೇಲಣ ಮತ್ತು ಕೆಳಗಣ ಕಾಲುವೆಗಳು ಮೊದಲಾದವನ್ನು ತೆಗೆಸಿದ್ದರು. ಅವುಗಳ ನೀರು ಇಂದಿಗೂ ಹರಿಯುತ್ತಿದೆ. ಆನೆಗೊಂದಿಯ ಬಾಳೆ ಬತ್ತಗಳಿಗೆ ಅದೇ ಆಧಾರ. ಆದರೆ ಅದು ಹೊಳೆಯ ಅಂಚಿನ ಭಾಗ್ಯ. ಅಲ್ಲಿಂದ ಉತ್ತರಕ್ಕೆ ಸರಿದಂತೆ, ಕುಷ್ಟಗಿ ಯಲಬುರ್ಗಿಗಳ ಕಡೆಗಂತೂ, ಆಕಾಶವೇ ಗತಿ.

ತುಂಗಭದ್ರೆಗೆ ದೊಡ್ಡ ಜಲಾಶಯವನ್ನು ಕಟ್ಟಬೇಕೆಂಬ ಆಲೋಚನೆಯನ್ನು 1860ರಷ್ಟು ಹಿಂದೆಯೇ ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರು ಮುಂದಿಟ್ಟಿದ್ದನು. ಹೊಳೆಯ ಒಂದು ದಡ ಮದರಾಸಿನದು, ಇನ್ನೊಂದು ದಡ ನಿಜಾಮರ ಹೈದರಾಬಾದಿನದು. ಎರಡು ಸರ್ಕಾರಗಳ ನಡುವಣ ಮಾತುಕತೆ ಸುಮಾರು ಎಂಟು ದಶಕಗಳ ಕಾಲ ಎಳೆದಾಡಿತು. ಕೊನೆಗೆ 1945ರ ಫೆಬ್ರವರಿ 28ರಂದು ಬೇರಾರಿನ ರಾಜಕುಮಾರರೂ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪರೂ ಶಂಕುಸ್ಥಾಪನೆ ಮಾಡಿದರು. ಕೆಲಸ ಮುಗಿಯುವಷ್ಟರಲ್ಲಿ ರಾಜ್ಯವೇ ಬದಲಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು. 1953ರಲ್ಲಿ ಜಲಾಶಯ ತುಂಬಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯದ ಭಾಗವಾಯಿತು. ಅದರಿಂದ ಕೊಪ್ಪಳ ಜಿಲ್ಲೆ ಬೇರೆಯಾದದ್ದು ಬಹಳ ಈಚೆಗೆ, 1997ರಲ್ಲಿ.

ಈಗ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಇದೇ ಕಾಟನ್ನನು 1852ರ ಹೊತ್ತಿಗೆ ಗೋದಾವರಿಗೆ ಧವಳೇಶ್ವರದಲ್ಲಿ ಆಣೆ ಕಟ್ಟಿ ಮುಗಿಸಿದ್ದನು. ಕೃಷ್ಣೆಗೆ ವಿಜಯವಾಡದ ಆಣೆ 1855ರಲ್ಲಿ ಸಿದ್ಧವಾಯಿತು. ಅಲ್ಲಿಂದ ನೂರು ವರ್ಷ ಆ ಎರಡು ನದೀಮುಖಜ ಭೂಮಿಗಳ ರೈತರು ಕಾಲುವೆಯ ನೀರಿನಲ್ಲಿ ಬತ್ತ ಬೆಳೆದು ಪಳಗಿದರು, ಹಣವಂತರೂ ಆದರು. ಅಲ್ಲಿ ಭೂಮಿಯ ಬೆಲೆ ಏರಿತು, ಮಕ್ಕಳು ಹೆಚ್ಚಿದಂತೆ ಹಿಡುವಳಿ ಹರಿದು ಹಂಚಿಹೋಯಿತು. ಇತ್ತ ತುಂಗಭದ್ರೆಯ ಎಡದಂಡೆಯಲ್ಲಿ ಹೊಸ ಕಾಲುವೆ ಬಂದು ಮನೆಯ ಬಾಗಿಲಲ್ಲಿ ನಿಂತಿದ್ದರೂ, ಜೋಳ ಬಿತ್ತಿ ಬೆಳೆದ ರೈತನಿಗೆ ಅದನ್ನು ಏನು ಮಾಡಬೇಕೆಂಬುದು ತಿಳಿಯದು. ನೆಲವನ್ನು ಮಟ್ಟಮಾಡಬೇಕು, ಬದು ಹಾಕಬೇಕು, ಮಡಿ ಕಟ್ಟಬೇಕು. ಇದಕ್ಕೆಲ್ಲ ಹಣ ಬೇಕು, ಕೈಪಳಗಿಕೆ ಬೇಕು. ಎರಡೂ ಅವನಲ್ಲಿರಲಿಲ್ಲ. ಕಾಟನ್ನನ ಒಂದು ಕಾಲುವೆಯ ದಡದಲ್ಲಿ ಬೆಳೆದವರ ಮರಿಮಕ್ಕಳು ಅವನು ಕನಸು ಕಂಡ ಇನ್ನೊಂದು ಕಾಲುವೆಯ ದಡಕ್ಕೆ ಬಂದು ಇಳಿದದ್ದು ಹೀಗೆ. ಅಲ್ಲಿ ಒಂದೆರಡು ಎಕರೆ ಮಾರಿದ ಹಣದಲ್ಲಿ ಇಲ್ಲಿ ಅದರ ಎಷ್ಟೋ ಪಾಲು ಹೆಚ್ಚಿನ ಭೂಮಿ ಸಿಕ್ಕುತ್ತಿತ್ತು.

ಮೊದಲು ಬಂದವರು ಹೊಲದ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಂಥ ಬಿಡಾರಗಳಿಗೆ ಜನರು ‘ಕ್ಯಾಂಪು’ ಎಂದು ಹೆಸರಿಟ್ಟರು. ಗಂಗಾವತಿಯಿಂದ ಸಿಂಧನೂರಿನವರೆಗೆ ಹೆಸರಿನ ಕೊನೆಯಲ್ಲಿ ಕ್ಯಾಂಪು ಎಂಬ ಮಾತನ್ನು ಹೊತ್ತ ಊರುಗಳು ಇಂದಿಗೂ ಎಷ್ಟೋ ಇವೆ. ಸಿಂಧನೂರಿನ ಕಡೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಉಂಟು. ಅವರ ಕಥೆ ಬೇರೆ. ಶ್ರೀರಾಮನಗರವು ಕ್ಯಾಂಪಿನ ಹೆಸರನ್ನು ಕಳಚಿ ನಗರವೆನ್ನಿಸಿಕೊಂಡ ಊರುಗಳಲ್ಲೊಂದು. ಇಂಥ ಊರುಗಳನ್ನು ನೋಡಿದೊಡನೆ ಗುರುತಿಸಬಹುದು. ಹಳೆಯ ಕನ್ನಡ ಹಳ್ಳಿಯ ಮಣ್ಣಿನ ಮಾಳಿಗೆಯ ಮನೆಗಳು, ಅಗಸೆಬಾಗಿಲು, ಓಣಿಯ ಅಂಕುಡೊಂಕು ಇಲ್ಲಿಲ್ಲ. ನೇರವಾದ ಬೀದಿಗಳು, ಬೀದಿಯ ಕೊನೆಗೆ ಗದ್ದೆ. ಸಂಕ್ರಾಂತಿಯೆಂದರೆ ಇವರಿಗೆ ವರ್ಷದ ದೊಡ್ಡ ಹಬ್ಬ, ಅಂಗಳದ ತುಂಬ ರಂಗವಲ್ಲಿ. ನೆರೆಯ ಕನ್ನಡ ಹಳ್ಳಿಯವರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಚರಗ ಚೆಲ್ಲುತ್ತಾರೆ. ಯುಗಾದಿ ಮಾತ್ರ ಇಬ್ಬರಿಗೂ ಒಂದೇ ದಿನ, ಒಂದೇ ಬೇವು.

ಇನ್ನು ಬತ್ತದ ವಿಷಯ. ಈ ಕಡೆ ಬತ್ತಕ್ಕೆ ‘ನೆಲ್ಲು’ ಎನ್ನುತ್ತಾರೆ. ಆಷಾಢದ ಹೊತ್ತಿಗೆ ಜಲಾಶಯದಲ್ಲಿ ನೀರು ಏರಿತೆಂಬ ಸುದ್ದಿ ಬಂದೊಡನೆ ಸಸಿಮಡಿ ಸಿದ್ಧವಾಗುವುದು. ಕಾಲುವೆಗೆ ನೀರು ಬಿಟ್ಟ ಮೇಲೆ ಕೆಸರುಗದ್ದೆಯ ಉಳುಮೆ, ಆಮೇಲೆ ಹೆಂಗಸರ ತಂಡಗಳಿಂದ ಸಸಿ ಹಚ್ಚುವ ಕೆಲಸ. ನೀರು ಕಾಣದ ಹಳ್ಳಿಗಳಿಂದ ಬಂದ ಕೂಲಿಗಳ ಬೆನ್ನಿನ ಮೇಲೆಯೇ ಈ ಕಣಜ ನಿಂತಿದೆಯೆಂಬುದನ್ನು ಮರೆಯಬಾರದು. ಈಗ ಕೊಯ್ಲಿನ ಬಹುಭಾಗವನ್ನು ಯಂತ್ರಗಳು ಮಾಡುತ್ತಿರುವುದರಿಂದ ಆ ಕೂಲಿಯೂ ಅರ್ಧಕ್ಕಿಳಿದಿದೆ. ಎರಡನೆಯ ಬೆಳೆಗೆ ನೀರು ಸಿಕ್ಕುವುದೋ ಇಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಆ ಸಭೆಯ ಸುದ್ದಿಗಾಗಿ ರೈತರು ಕಾಯುವಂತೆ ಚುನಾವಣೆಯ ಸುದ್ದಿಗೂ ಕಾಯಲಾರರು.

ಇಲ್ಲಿಯ ಸಣ್ಣಕ್ಕಿಯ ಕುಲವೂ ಕುತೂಹಲಕರವಾದದ್ದು. ಮಸೂರಿ ಎಂಬ ಹೆಸರಿನ ಮೂಲ ಮಲಯ ದೇಶದಲ್ಲಿದೆ. 1950ರ ದಶಕದಲ್ಲಿ ಕಟಕದ ಬತ್ತ ಸಂಶೋಧನಾಲಯದಲ್ಲಿ ಮಾಡಿದ ಸಂಕರದಿಂದ ಮಲಯದಲ್ಲಿ ಆರಿಸಿ ತೆಗೆದ ತಳಿ ಅದು. ತರುವಾಯ ಭಾರತಕ್ಕೆ ಮರಳಿ ಬಂದಿತು. ಅದರ ಸಂತತಿಯಾದ ಬಿ.ಪಿ.ಟಿ. 5204 ಎಂಬ ಸಾಂಬಾ ಮಸೂರಿಯನ್ನು ಕೃಷ್ಣೆಯ ಮುಖಜ ಭೂಮಿಯ ಬಾಪಟ್ಲದಲ್ಲಿ ರೂಪಿಸಿ 1986ರಲ್ಲಿ ಬಿಡುಗಡೆ ಮಾಡಿದರು. ಹಸುರು ಕ್ರಾಂತಿಯ ಮೊದಲ ತಳಿಯಾದ ಐ.ಆರ್. 8ರ ಕಥೆಯೂ ಹೀಗೆಯೇ: ಅದರ ತಾಯಿ ಜಾವಾದ ‘ಪೇಟಾ’ ಎಂಬ ಬತ್ತ, ಆ ಪೇಟಾದ ಹೆತ್ತವರಲ್ಲಿ ಒಂದು ಬಂಗಾಳದ ‘ಲತಿಸೈಲ್’. ಹೀಗಿರಲು, ಯಾವ ಬೆಳೆ ಯಾವ ನೆಲದ್ದು ಎಂದು ಜಗಳಾಡುವವರು ಕಾಳಿನ ಜಾತಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ‘ಗಂಗಾವತಿ ಸೋನಾ’ ಎಂಬ ತಮ್ಮದೇ ತಳಿಯನ್ನೂ ಈಗ ಕೊಟ್ಟಿದ್ದಾರೆ.

ಇಷ್ಟರವರೆಗೆ ಏಳಿಗೆಯ ಕಥೆ ಹೇಳಿದೆನು. ಇದಕ್ಕೆ ಇನ್ನೊಂದು ಮಗ್ಗುಲುಂಟು. ಅದನ್ನು ಹೇಳದಿದ್ದರೆ ಅನ್ಯಾಯವಾಗುವುದು.

ಎಡದಂಡೆಯ ಮುಖ್ಯ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರು, ಎಂದರೆ 141 ಮೈಲಿ. ಇದನ್ನು ಯೋಜಿಸಿದವರು ಬತ್ತವನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಸ್ವಲ್ಪ ನೀರನ್ನು ಬಹಳ ಎಕರೆಗಳಿಗೆ ತೆಳುವಾಗಿ ಹಂಚಿ, ಜೋಳ ಹತ್ತಿ ಶೇಂಗಾಗಳಿಗೆ ಕ್ಷಾಮದಿಂದ ರಕ್ಷೆ ಕೊಡುವುದು ಅವರ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆಯೆಂಬುದನ್ನು ಕಾಗದದ ಮೇಲೆ ಗೊತ್ತುಮಾಡಿ, ಬತ್ತಕ್ಕೆ ಸಣ್ಣ ಪಾಲನ್ನಷ್ಟೇ ಬಿಟ್ಟಿದ್ದರು. ಆದರೆ ಬತ್ತವು ಜೋಳಕ್ಕಿಂತ ಎರಡು ಮೂರು ಪಟ್ಟು ನೀರನ್ನು ಕುಡಿಯುವ ಬೆಳೆ. ಕಾಲುವೆಯ ತಲೆಯಲ್ಲಿರುವವನು ಗದ್ದೆ ತುಂಬಿಸಿಕೊಂಡರೆ ಕೊನೆಯಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತನಿಗೆ ಉಳಿಯುವುದು ಕಾಲುವೆಯ ಒಣಪಾತ್ರೆ ಮಾತ್ರ. ಅವನ ಹೊಲವೂ ಅಚ್ಚುಕಟ್ಟಿನ ಪುಸ್ತಕದಲ್ಲಿ ನೀರಾವರಿ ಎಂದೇ ಬರೆದಿದೆ! ವರ್ಷಂಪ್ರತಿ ಕೊನೆಭಾಗದವರು ಹೆದ್ದಾರಿಯಲ್ಲಿ ಕುಳಿತು ನೀರು ಕೇಳುವುದೂ, ಗೇಜು ಕಾಯಲು ಅಧಿಕಾರಿಗಳು ರಾತ್ರಿ ಸುತ್ತುವುದೂ, ತೂಬಿನ ಬಳಿ ಲಸ್ಕರನು ಇಬ್ಬರ ಬೈಗುಳನ್ನೂ ತಿನ್ನುವುದೂ ವಾಡಿಕೆಯಾಗಿ ಹೋಗಿದೆ.

ಇದರ ತಪ್ಪನ್ನು ಆಂಧ್ರದಿಂದ ಬಂದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅವರನ್ನು ನೋಡಿ ಕಲಿತ ಕನ್ನಡ ರೈತರೂ ಇಂದು ಅದೇ ನೆಲ್ಲನ್ನು ಅಷ್ಟೇ ನೀರಿನಲ್ಲಿ ಬೆಳೆಯುತ್ತಿದ್ದಾರೆ. ನೆಲ್ಲಿಗೆ ಗಿರಣಿಯುಂಟು, ವ್ಯಾಪಾರಿಯುಂಟು, ಮುಂಗಡ ಸಾಲವುಂಟು. ಜೋಳಕ್ಕೆ ಇವು ಯಾವುವೂ ಅಷ್ಟು ಸುಲಭವಲ್ಲ. ಮೇಲಾಗಿ ಸುತ್ತಲೂ ಗದ್ದೆ ತುಂಬಿ ನಿಂತಿರುವಾಗ ನಡುವಿನವನೊಬ್ಬನು ಜೋಳ ಬಿತ್ತುತ್ತೇನೆಂದರೆ ಬಸಿನೀರಿನಲ್ಲಿ ಅವನ ಬೆಳೆ ಕೊಳೆಯುವುದು. ಆದರೆ ಮೊದಲಿಗೆ ಅಗ್ಗವಾಗಿ ಹೊಲ ಮಾರಿಕೊಂಡು, ಆಮೇಲೆ ಅದೇ ಹೊಲದ ಗದ್ದೆಯಲ್ಲಿ ಕೂಲಿ ಮಾಡಬೇಕಾಗಿ ಬಂದ ಮನೆತನಗಳ ನೋವು ಸುಳ್ಳಲ್ಲ. ನೀರು ಬರುವ ಮೊದಲೇ ಅವರಿಗೆ ನೀರಿನ ಬೆಲೆಯನ್ನು ತಿಳಿಸಿಕೊಡುವವರು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನನ್ನ ನಂಬಿಕೆ.

ಎರೆಮಣ್ಣಿಗೆ ಸದಾ ನೀರು ನಿಲ್ಲಿಸುವುದರ ಕೇಡು ಇನ್ನೊಂದು. ನೀರು ಕೆಳಗೆ ಬಸಿಯದೆ, ಒಳಗಿನ ಉಪ್ಪು ಮೇಲಕ್ಕೆ ಬಂದು, ಬೇಸಗೆಯಲ್ಲಿ ನೆಲ ಬೆಳ್ಳಗೆ ಹೂಬಿಟ್ಟಂತೆ ಕಾಣುವುದು. ಇದೇ ಸವುಳು. ಮೇಲೆ ಹೇಳಿದ ಸಂಶೋಧನಾ ಕೇಂದ್ರದಲ್ಲಿ ನೆಲದಡಿ ಕೊಳವೆಗಳನ್ನು ಹುಗಿದು ಉಪ್ಪುನೀರನ್ನು ಬಸಿದು ತೆಗೆಯುವ ಪ್ರಯೋಗಗಳು ನಡೆದಿವೆ. ಆದರೆ ಅದು ಖರ್ಚಿನ ಕೆಲಸ. ಅತ್ತ ಜಲಾಶಯವೂ ಹೂಳಿನಿಂದ ತುಂಬುತ್ತಿದೆ. ಮೊದಲಿಗೆ 133 ಟಿ.ಎಂ.ಸಿ.ಯಷ್ಟು ನೀರು ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಬಾಯಾರಿಕೆ ಮಾತ್ರ ಇಳಿದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಈ ಸೀಮೆಯವರು ನಿದ್ರೆ ಮಾಡಲಿಲ್ಲ. ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಗದ್ದೆಗಳಲ್ಲಿ ಆಗ ತಾನೇ ಹಚ್ಚಿದ ಸಸಿಯಿತ್ತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ವರ್ಷದ ಅನ್ನವು ಕಣ್ಣೆದುರಿಗೇ ಹೊಳೆಯಲ್ಲಿ ಹರಿದುಹೋಗುತ್ತಿತ್ತು. ಜಲದ್ವಾರಗಳ ಕೆಲಸದಲ್ಲಿಯೇ ಆಯುಷ್ಯ ಕಳೆದ ವೃದ್ಧ ತಜ್ಞರಾದ ಕನ್ನಯ್ಯನಾಯ್ಡುಗಳ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಬಾಯನ್ನು ಮುಚ್ಚಿದರು. ಮಳೆಯೂ ಕೈಬಿಡಲಿಲ್ಲ, ಜಲಾಶಯ ಮರಳಿ ತುಂಬಿತು. ಆ ವಾರ ತಲೆಯವರೂ ಕೊನೆಯವರೂ, ತೆಲುಗಿನವರೂ ಕನ್ನಡದವರೂ ಮುನಿರಾಬಾದಿನಿಂದ ಬರುವ ಒಂದೇ ಸುದ್ದಿಗೆ ಕಿವಿಗೊಟ್ಟು ಕುಳಿತಿದ್ದರು. ನೀರು ನಿಂತಿತೆಂದು ತಿಳಿದ ಮೇಲೆ ಪ್ರತಿಯೊಬ್ಬನೂ ತನ್ನ ತನ್ನ ತೂಬಿನ ಕಡೆಗೆ ಹೊರಟನು.