ವಿದ್ಯಾರ್ಥಿಗಳ ಅಭಿಪ್ರಾಯಪತ್ರ ಅಳೆಯುವುದೇನನ್ನು?

ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಅಂಕಗಳನ್ನು ಕೊಡುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ವಿದ್ಯಾರ್ಥಿಗಳು ಉಪಾಧ್ಯಾಯರಿಗೆ ಅಂಕಗಳನ್ನು ಕೊಡುವುದಾದರೋ ಇಪ್ಪತ್ತನೆಯ ಶತಮಾನದಲ್ಲಿ ಬೇರೂರಿದ ಪದ್ಧತಿ. ಪಾಠಪ್ರವಚನಗಳೆಲ್ಲ ಮುಗಿಯುತ್ತ ಬಂದಾಗ ವಿದ್ಯಾರ್ಥಿಗಳ ಮುಂದೆ ಒಂದು ಅಭಿಪ್ರಾಯಪತ್ರವನ್ನು ಇಡುತ್ತಾರೆ. ಅಧ್ಯಾಪಕರಿಗೆ ವಿಷಯಜ್ಞಾನ ಸಾಕಷ್ಟಿದೆಯೆ? ಪಾಠ ಸ್ಪಷ್ಟವಾಗಿತ್ತೆ? ಪಠ್ಯಪುಸ್ತಕ ಹೇಗಿತ್ತು? ಇಂಥ ಹತ್ತಿಪ್ಪತ್ತು ಪ್ರಶ್ನೆಗಳು ಅದರಲ್ಲಿರುತ್ತವೆ. ಪ್ರತಿಯೊಂದಕ್ಕೂ ೧ರಿಂದ ೫ರವರೆಗೆ ಯಾವುದಾದರೊಂದು ಅಂಕವನ್ನು ಗುರುತಿಸಬೇಕು. ಅನಂತರ ಈ ಅಂಕಗಳ ಸರಾಸರಿಯನ್ನು ತೆಗೆಯುತ್ತಾರೆ. ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರ ನೇಮಕವನ್ನೂ ಬಡ್ತಿಯನ್ನೂ ನಿರ್ಣಯಿಸುವಾಗ ಈ ಸರಾಸರಿಗೆ ಬೆಲೆಯುಂಟು.

ಹಾಗಾದರೆ ಈ ಪತ್ರ ಅಳತೆಯ ಒಂದು ಉಪಕರಣವೆಂದಾಯಿತು. ತಕ್ಕಡಿಯಾಗಲಿ, ಗಡಿಯಾರವಾಗಲಿ, ಉಷ್ಣಮಾಪಕವಾಗಲಿ, ಯಾವ ಉಪಕರಣ ಕೈಗೆ ಬಂದರೂ ವಿಜ್ಞಾನಿ ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಅಳೆಯುವುದೇನನ್ನು? ಅಭಿಪ್ರಾಯಪತ್ರವನ್ನು ಕುರಿತೂ ನಾವು ಅದೇ ಪ್ರಶ್ನೆಯನ್ನು ಕೇಳೋಣ.

ಈ ಉಪಕರಣವನ್ನು ರೂಪಿಸಿದವರು ಮನಶ್ಶಾಸ್ತ್ರಜ್ಞರೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ರೆಮ್ಮರ್ಸ್ ಎಂಬುವರು ಅಧ್ಯಾಪಕರ ಗುಣಗಳನ್ನು ಅಳೆಯಲು ಒಂದು ಮಾನವನ್ನು ಸಿದ್ಧಪಡಿಸಿ, ಅದರ ಪ್ರಯೋಗಫಲಗಳನ್ನು ೧೯೨೭ರಲ್ಲಿ ಪ್ರಕಟಿಸಿದರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಎಡ್ವಿನ್ ಗಥ್ರಿ ಎಂಬುವರೂ ಅದೇ ದಶಕದಲ್ಲಿ ಇಂಥದೇ ಕಾರ್ಯದಲ್ಲಿ ತೊಡಗಿದ್ದರು. ಅಲ್ಲಿಂದ ಈ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ಉನ್ನತ ಶಿಕ್ಷಣಸಂಸ್ಥೆಗಳ ಗುಣಮಟ್ಟವನ್ನು ಪರಿಶೀಲಿಸುವುದಕ್ಕಾಗಿ ೧೯೯೪ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ‘ನ್ಯಾಕ್’ ಸಂಸ್ಥೆ ೨೦೧೭ರಲ್ಲಿ ತಾನು ಜಾರಿಗೆ ತಂದ ಕ್ರಮದಲ್ಲಿ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಗೂ ಸ್ಥಾನ ಕೊಟ್ಟಿತು. ಆದುದರಿಂದ ಈ ವಿಚಾರ ನಮಗೆ ದೂರದ್ದಲ್ಲ.

ಈಗ ಮನಶ್ಶಾಸ್ತ್ರದ ಒಂದು ತರಗತಿಯಲ್ಲಿಯೇ ನಡೆದ ಪ್ರಯೋಗವೊಂದನ್ನು ನೋಡೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಸೆಸಿ ಎಂಬ ಪ್ರಾಧ್ಯಾಪಕರು ಮಾನವನ ಮನೋವಿಕಾಸವನ್ನು ಕುರಿತು ಪಾಠ ಹೇಳುತ್ತಿದ್ದರು. ಒಂದೇ ವರ್ಷದ ಎರಡು ಅವಧಿಗಳಲ್ಲಿ, ಶರತ್ಕಾಲದಲ್ಲೊಮ್ಮೆ ವಸಂತದಲ್ಲೊಮ್ಮೆ, ಅದೇ ಪಾಠವನ್ನು ಅವರು ಬೇರೆ ಬೇರೆ ವಿದ್ಯಾರ್ಥಿಗಳಿಗೆ ಹೇಳಿದರು. ಎರಡು ಅವಧಿಗಳ ನಡುವೆ, ಭಾಷಣಕಲೆಯನ್ನು ಕಲಿಸುವ ಒಬ್ಬ ನಿಪುಣನಿಂದ ತರಬೇತಿ ಪಡೆದರು. ಎರಡನೆಯ ಸಲ ಅವರ ಧ್ವನಿಯಲ್ಲಿ ಏರಿಳಿತ ಹೆಚ್ಚಿತು, ಕೈಸನ್ನೆಗಳು ಹೆಚ್ಚಿದವು, ಮಾತಿನಲ್ಲಿ ಉತ್ಸಾಹ ತುಂಬಿಕೊಂಡಿತು. ಉಳಿದುದೆಲ್ಲವನ್ನೂ, ಎಂದರೆ ಪಾಠದ ವಸ್ತು, ಪಠ್ಯಪುಸ್ತಕ, ಪರೀಕ್ಷೆ, ವಿದ್ಯಾರ್ಥಿಗಳನ್ನು ಭೇಟಿಮಾಡುವ ವೇಳೆ ಇವುಗಳನ್ನು, ಮೊದಲಿನಂತೆಯೇ ಇಟ್ಟುಕೊಳ್ಳಲು ಅವರು ಎಚ್ಚರವಹಿಸಿದ್ದರು.

ಫಲವೇನಾಯಿತು? ಎರಡನೆಯ ಅವಧಿಯ ಅಭಿಪ್ರಾಯಪತ್ರಗಳಲ್ಲಿ ಅಧ್ಯಾಪಕರ ಅಂಕ ಬಹಳವಾಗಿ ಮೇಲೇರಿತು. ಪಾಠದ ರೀತಿಗೆ ಮಾತ್ರವೇ ಅಂಕ ಹೆಚ್ಚಿದ್ದರೆ ಅದರಲ್ಲಿ ಅಚ್ಚರಿಯೇನೂ ಇರುತ್ತಿರಲಿಲ್ಲ. ಆದರೆ ಅವರ ವಿಷಯಜ್ಞಾನ ಹೆಚ್ಚಿನದೆಂದೂ, ಅಂಕ ಕೊಡುವುದರಲ್ಲಿ ಅವರು ಹೆಚ್ಚು ನ್ಯಾಯವಂತರೆಂದೂ, ವಿದ್ಯಾರ್ಥಿಗಳಿಗೆ ಸುಲಭವಾಗಿ ದೊರಕುವವರೆಂದೂ ಎರಡನೆಯ ತಂಡ ಭಾವಿಸಿತು. ಅಷ್ಟೇ ಏಕೆ, ಒಂದಕ್ಷರವೂ ಬದಲಾಗದ ಪಠ್ಯಪುಸ್ತಕ ಕೂಡ ಅವರಿಗೆ ಮೊದಲಿನವರಿಗಿಂತ ಚೆನ್ನಾಗಿ ಕಂಡಿತು! ತಾವು ಹೆಚ್ಚು ಕಲಿತೆವೆಂದೂ ಅವರು ನಂಬಿದ್ದರು. ಪರೀಕ್ಷೆಯಲ್ಲಿ ಮಾತ್ರ ಎರಡು ತಂಡಗಳೂ ಸರಿಸಮನಾಗಿದ್ದವು. ವೆಂಡಿ ವಿಲಿಯಮ್ಸ್ ಮತ್ತು ಸೆಸಿ ಇಬ್ಬರೂ ಸೇರಿ ೧೯೯೭ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು.

ಒಂದಕ್ಕೆ ಸಂದ ಮೆಚ್ಚುಗೆ ಮತ್ತೊಂದಕ್ಕೆ ಹರಿಯುವ ಈ ಗುಣ ಮನಶ್ಶಾಸ್ತ್ರಕ್ಕೆ ಹೊಸದಲ್ಲ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ ಎಡ್ವರ್ಡ್ ಥಾರ್ನ್‌ಡೈಕ್ ೧೯೨೦ರಲ್ಲಿಯೇ ಇದನ್ನು ತೋರಿಸಿದ್ದರು. ಒಬ್ಬನ ಮೈಕಟ್ಟು ಮೆಚ್ಚುಗೆಯಾದರೆ ಅವನ ಬುದ್ಧಿಗೂ ನಡತೆಗೂ ಹೆಚ್ಚು ಅಂಕ ಬೀಳುತ್ತಿತ್ತು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿ ಇಡೀ ಮೂರ್ತಿಯನ್ನು ಬೆಳಗಿಸುವಂತೆ ಒಂದು ಗುಣ ಉಳಿದೆಲ್ಲವನ್ನೂ ಬೆಳಗಿಸುತ್ತದೆ. ಇದಕ್ಕೆ ಪ್ರಭಾವಳಿ ಪರಿಣಾಮವೆಂದು ಹೆಸರಿಡಬಹುದು.

ಸೆಸಿಯವರ ಪ್ರಯೋಗದ ಮೇಲೆ ಆಕ್ಷೇಪಣೆಗಳಿಗೆ ಅವಕಾಶವಿದೆ. ಅಧ್ಯಾಪಕರು ಒಬ್ಬರೇ, ವಿದ್ಯಾರ್ಥಿಗಳು ಚೀಟಿ ಎತ್ತಿ ಹಂಚಿದವರಲ್ಲ, ತಮಗೆ ಬೇಕಾದ ಅವಧಿಯನ್ನು ತಾವೇ ಆರಿಸಿಕೊಂಡವರು. ಆದರೆ ಬೇರೆ ದಾರಿಗಳಿಂದ ಬಂದ ಸಾಕ್ಷ್ಯವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ೧೯೭೦ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೊನಾಲ್ಡ್ ನಾಫ್ಟುಲಿನ್ ಮತ್ತು ಸಂಗಡಿಗರು ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂದು ಹೆಸರಿಟ್ಟು, ಗಣಿತದ ಕ್ರೀಡಾಸಿದ್ಧಾಂತವನ್ನು ವೈದ್ಯಶಿಕ್ಷಣಕ್ಕೆ ಅನ್ವಯಿಸುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿಸಿದರು. ಮಾತಿನಲ್ಲಿ ಹಾಸ್ಯವಿತ್ತು, ಗಾಂಭೀರ್ಯವಿತ್ತು, ಅರ್ಥವಿರಲಿಲ್ಲ. ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳೂ ಆಗಿಂದಾಗ್ಗೆ ಹುಟ್ಟಿಸಿದ ಪದಗಳೂ ಅದರಲ್ಲಿ ತುಂಬಿದ್ದವು. ಎದುರಿಗೆ ಕುಳಿತವರೂ ಅದರ ಚಿತ್ರಮುದ್ರಣವನ್ನು ನೋಡಿದವರೂ ಸೇರಿ ೫೫ ಮಂದಿ, ಎಲ್ಲರೂ ವಿದ್ಯಾವಂತರೇ. ಬಹುಪಾಲು ಅದನ್ನು ಮೆಚ್ಚಿಕೊಂಡರು. ನಟನ ಗುಟ್ಟನ್ನು ಯಾರೂ ಕಂಡುಹಿಡಿಯಲಿಲ್ಲ.

ಭಾರತದಲ್ಲಿ ಹುಟ್ಟಿಬೆಳೆದು ಅಮೆರಿಕದಲ್ಲಿ ಹೆಸರು ಗಳಿಸಿದ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿಯವರು ರಾಬರ್ಟ್ ರೋಸೆಂತಾಲ್ ಅವರೊಡನೆ ೧೯೯೩ರಲ್ಲಿ ಪ್ರಕಟಿಸಿದ ಶೋಧನೆ ಇನ್ನೂ ಕುತೂಹಲಕರವಾದುದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ೧೩ ಮಂದಿ ಕಿರಿಯ ಅಧ್ಯಾಪಕರು ಪಾಠ ಹೇಳುತ್ತಿದ್ದ ಚಿತ್ರಗಳಿಂದ, ಒಬ್ಬೊಬ್ಬರಿಗೆ ಕೇವಲ ೩೦ ಸೆಕೆಂಡುಗಳಷ್ಟು ಭಾಗವನ್ನು ಆರಿಸಿ, ಧ್ವನಿಯನ್ನು ತೆಗೆದುಹಾಕಿ, ಅವರನ್ನು ಎಂದೂ ಕಾಣದವರಿಗೆ ತೋರಿಸಲಾಯಿತು. ಈ ಅಪರಿಚಿತರ ಎಣಿಕೆಗೂ, ಅವಧಿಯುದ್ದಕ್ಕೂ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಅಂಕಗಳಿಗೂ ಸಹಸಂಬಂಧಾಂಕ ೦.೭೬ರಷ್ಟಿತ್ತು. ಈ ಅಂಕ ೦ ಆದರೆ ಎರಡು ಅಳತೆಗಳಿಗೆ ಸಂಬಂಧವೇ ಇಲ್ಲವೆಂದೂ, ೧ ಆದರೆ ಒಂದರಿಂದ ಮತ್ತೊಂದನ್ನು ಪೂರ್ಣವಾಗಿ ಊಹಿಸಬಹುದೆಂದೂ ಅರ್ಥ. ಪಾಠದ ಒಂದು ಮಾತನ್ನೂ ಕೇಳದವರು ಇಷ್ಟು ಸರಿಯಾಗಿ ಊಹಿಸಬಲ್ಲರಾದರೆ, ಆ ಅಂಕಗಳ ಬಹುಭಾಗ ಮಾತಿನ ಸಾರಕ್ಕಲ್ಲದೆ ಬೇರೆ ಯಾವುದಕ್ಕೋ ಸಂದಿರಬೇಕಲ್ಲವೆ?

ಹಾಗೆಂದು ವಿದ್ಯಾರ್ಥಿಗಳು ಸುಳ್ಳು ಹೇಳುತ್ತಾರೆಂದು ತಿಳಿಯಬಾರದು. ಇಲ್ಲಿ ಭೌತಶಾಸ್ತ್ರದ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಬೆಂಚಿನ ಮರದ ಹಲಗೆಯನ್ನೂ ಅದರ ಕಬ್ಬಿಣದ ಕಾಲನ್ನೂ ಮುಟ್ಟಿನೋಡಿ. ಕಬ್ಬಿಣವೇ ಹೆಚ್ಚು ತಣ್ಣಗಿದೆಯೆಂದು ಕೈ ಹೇಳುತ್ತದೆ. ಉಷ್ಣಮಾಪಕವನ್ನಿಟ್ಟು ನೋಡಿದರೆ ಎರಡರ ಉಷ್ಣತೆಯೂ ಒಂದೇ. ಕಬ್ಬಿಣ ಉತ್ತಮ ಉಷ್ಣವಾಹಕವಾದುದರಿಂದ ಅಂಗೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ. ಕೈ ಅರಿತದ್ದು ತನ್ನಿಂದ ಶಾಖ ಹರಿದುಹೋಗುವ ವೇಗವನ್ನು. ನಾವು ಕೇಳಿದ್ದು ವಸ್ತುವಿನ ಉಷ್ಣತೆಯನ್ನು. ಕೈಯ ಉತ್ತರ ನಿಜವೇ. ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ. ಹಾಗೆಯೇ ವಿದ್ಯಾರ್ಥಿ ಪಾಠದಿಂದ ತನ್ನ ಮನಸ್ಸಿಗೆ ಉಂಟಾದ ಅನುಭವವನ್ನು ಪ್ರಾಮಾಣಿಕವಾಗಿಯೇ ಬರೆಯುತ್ತಾನೆ. ಅದನ್ನು ಕಲಿಕೆಯ ಪ್ರಮಾಣವೆಂದು ಓದಿಕೊಳ್ಳುವಾಗ ತಪ್ಪು ಸಂಭವಿಸುತ್ತದೆ.

ಈ ಅನುಭವಕ್ಕೂ ಕಲಿಕೆಗೂ ಏನಾದರೂ ಸಂಬಂಧವಿರಬೇಕಷ್ಟೆ? ಇದನ್ನು ತಿಳಿಯಲು ಒಂದು ಸೊಗಸಾದ ಮಾರ್ಗವಿದೆ. ಒಂದೇ ವಿಷಯವನ್ನು ಹಲವು ವಿಭಾಗಗಳಲ್ಲಿ ಬೇರೆ ಬೇರೆ ಅಧ್ಯಾಪಕರು ಬೋಧಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ನಡೆದಾಗ, ಹೆಚ್ಚು ಮೆಚ್ಚುಗೆ ಪಡೆದ ಅಧ್ಯಾಪಕರ ವಿದ್ಯಾರ್ಥಿಗಳೇ ಹೆಚ್ಚು ಅಂಕ ಪಡೆದರೇ ಎಂದು ನೋಡುವುದು. ಇಂಥ ೪೧ ಅಧ್ಯಯನಗಳನ್ನು ಪೀಟರ್ ಕೊಹೆನ್ ೧೯೮೧ರಲ್ಲಿ ಒಟ್ಟುಗೂಡಿಸಿದಾಗ ಸಹಸಂಬಂಧಾಂಕ ೦.೪೩ ಎಂದು ಬಂದಿತು. ಬಹುಕಾಲ ಇದೇ ಅಭಿಪ್ರಾಯಪತ್ರಗಳ ಸಮರ್ಥಕರ ಬಲವಾದ ಆಧಾರವಾಗಿತ್ತು. ೨೦೧೭ರಲ್ಲಿ ಬಾಬ್ ಉಟ್ಲ್ ಮತ್ತು ಅವರ ಸಹೋದ್ಯೋಗಿಗಳು ಈ ಲೆಕ್ಕವನ್ನು ಮತ್ತೆ ಮಾಡಿದರು. ದೊಡ್ಡ ಸಹಸಂಬಂಧವನ್ನು ತೋರಿಸಿದ ಅಧ್ಯಯನಗಳಲ್ಲಿ ವಿಭಾಗಗಳ ಸಂಖ್ಯೆ ಬಹಳ ಕಡಿಮೆಯೆಂಬುದು ಅವರಿಗೆ ಕಂಡುಬಂದಿತು. ನಾಲ್ಕೈದು ಸಲ ನಾಣ್ಯ ಚಿಮ್ಮಿದರೆ ಪ್ರತಿಸಲವೂ ಒಂದೇ ಮುಖ ಬೀಳುವುದುಂಟು. ನೂರು ಸಲ ಚಿಮ್ಮಿದರೆ ಹಾಗಾಗುವುದಿಲ್ಲ. ವಿಭಾಗಗಳು ಹೆಚ್ಚಾಗಿದ್ದ ಅಧ್ಯಯನಗಳಲ್ಲಿ ಮೆಚ್ಚುಗೆಗೂ ಕಲಿಕೆಗೂ ಇರುವ ಸಂಬಂಧ ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು.

ಅಮೆರಿಕದ ವಾಯುಪಡೆಯ ಅಕಾಡೆಮಿಯಿಂದ ಬಂದ ಫಲಿತಾಂಶ ಇದಕ್ಕಿಂತಲೂ ಚಿಂತನಾರ್ಹ. ಅಲ್ಲಿ ವಿದ್ಯಾರ್ಥಿಗಳನ್ನು ವಿಭಾಗಗಳಿಗೆ ಚೀಟಿ ಎತ್ತಿದಂತೆ ಹಂಚುತ್ತಾರೆ. ಪರೀಕ್ಷೆ ಎಲ್ಲರಿಗೂ ಒಂದೇ. ಮುಂದಿನ ಗಣಿತದ ಪಾಠಗಳೂ ಕಡ್ಡಾಯ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಹತ್ತುಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟಿಸಿದ ಲೇಖನದಂತೆ, ಕಲನಶಾಸ್ತ್ರದ ಮೊದಲ ಪಾಠದಲ್ಲಿ ಅನುಭವ ಕಡಿಮೆಯಿದ್ದ ಅಧ್ಯಾಪಕರ ಶಿಷ್ಯರು ಆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಅಧ್ಯಾಪಕರಿಗೂ ಹೆಚ್ಚು ಅಂಕ ಕೊಟ್ಟರು. ಅನುಭವಿಗಳ ಶಿಷ್ಯರು ಎರಡರಲ್ಲಿಯೂ ಹಿಂದೆ ಬಿದ್ದರು. ಆದರೆ ಮುಂದಿನ ಕಠಿನ ಪಾಠಗಳಿಗೆ ಹೋದಾಗ ಈ ಹಿಂದೆ ಬಿದ್ದವರೇ ಮುಂದಾದರು! ಬಹುಶಃ ಅನುಭವಿಗಳು ಪರೀಕ್ಷೆಗೆ ಬೇಕಾದಷ್ಟನ್ನೇ ಹೇಳದೆ ವಿಷಯದ ಬುಡವನ್ನು ಗಟ್ಟಿಮಾಡಿದ್ದರು. ಆ ಶ್ರಮದ ಫಲ ಕೈಗೆ ಬರುವ ವೇಳೆಗೆ ಅಭಿಪ್ರಾಯಪತ್ರ ಎಂದೋ ಭರ್ತಿಯಾಗಿತ್ತು.

ಶ್ರಮಕ್ಕೂ ಕಲಿಕೆಗೂ ಇರುವ ಈ ನಂಟನ್ನು ಹಾರ್ವರ್ಡ್‌ನ ಭೌತಶಾಸ್ತ್ರದ ತರಗತಿಯೊಂದು ನೇರವಾಗಿ ತೋರಿಸಿಕೊಟ್ಟಿತು. ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ತಂಡಕ್ಕೆ ಅನುಭವಿ ಅಧ್ಯಾಪಕರು ಲೆಕ್ಕಗಳನ್ನು ತಾವೇ ನಯವಾಗಿ ಬಿಡಿಸಿ ತೋರಿಸಿದರು. ಇನ್ನೊಂದು ತಂಡ ಅವೇ ಲೆಕ್ಕಗಳೊಡನೆ ತಾನೇ ಹೆಣಗಾಡಿ, ಅನಂತರ ಅಧ್ಯಾಪಕರ ವಿವರಣೆಯನ್ನು ಕೇಳಿತು. ಮುಂದಿನ ಪಾಠದಲ್ಲಿ ತಂಡಗಳನ್ನು ಅದಲುಬದಲು ಮಾಡಲಾಯಿತು. ಹೆಣಗಾಡಿದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದರು. ಆದರೆ ತಾವು ಕಡಿಮೆ ಕಲಿತೆವೆಂದು ಬರೆದವರೂ ಅವರೇ. ಕರಿಹಲಗೆಯ ಮೇಲೆ ಲೆಕ್ಕ ಸರಾಗವಾಗಿ ಸಾಗುವಾಗ ಆ ಸರಾಗವನ್ನು ನಾವು ನಮ್ಮ ತಿಳಿವಳಿಕೆಯೆಂದೇ ಭ್ರಮಿಸುತ್ತೇವೆ. ಸ್ವತಃ ತಡವರಿಸುವಾಗ ಆ ತಡವರಿಕೆಯನ್ನು ಅಜ್ಞಾನವೆಂದು ಎಣಿಸುತ್ತೇವೆ.

ಹಾಗಾದರೆ ಅಭಿಪ್ರಾಯಪತ್ರಗಳನ್ನು ಕಸದ ಬುಟ್ಟಿಗೆ ಎಸೆಯಬೇಕೆ? ಖಂಡಿತ ಬೇಡ. ತರಗತಿಯಲ್ಲಿ ನಡೆದುದಕ್ಕೆ ವಿದ್ಯಾರ್ಥಿಯಷ್ಟು ಹತ್ತಿರದ ಸಾಕ್ಷಿ ಬೇರೊಬ್ಬನಿಲ್ಲ. ಅಧ್ಯಾಪಕರು ವೇಳೆಗೆ ಬಂದರೆ, ಮಾತು ಕೊನೆಯ ಬೆಂಚಿಗೆ ಕೇಳಿಸಿತೆ, ಪ್ರಶ್ನೆ ಕೇಳಿದವನನ್ನು ಗದರಿಸಿದರೆ, ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸಿದರೆ? ಇವಕ್ಕೆಲ್ಲ ವಿದ್ಯಾರ್ಥಿಯೇ ಉತ್ತರ ಹೇಳಬೇಕು. ಅವನ ಬಾಯಿ ಮುಚ್ಚಿಸಿದರೆ ಅಶ್ರದ್ಧೆಯ ಬೋಧನೆಯನ್ನು ಹೊರಗೆಡಹುವವರೇ ಇಲ್ಲವಾಗುತ್ತಾರೆ.

ಈ ಸಾಕ್ಷ್ಯದಲ್ಲಿ ಕೂಡ ಎಚ್ಚರ ಬೇಕು. ಅಮೆರಿಕದ ಉತ್ತರ ಕೆರೊಲಿನ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಂತರ್ಜಾಲದ ಮೂಲಕ ನಡೆದ ಒಂದು ಪಾಠದಲ್ಲಿ ಅಧ್ಯಾಪಕರ ಮುಖ ವಿದ್ಯಾರ್ಥಿಗಳಿಗೆ ಕಾಣುತ್ತಿರಲಿಲ್ಲ. ಒಬ್ಬರೇ ಅಧ್ಯಾಪಕರು ಒಂದು ಗುಂಪಿಗೆ ಗಂಡಸಿನ ಹೆಸರಿನಿಂದಲೂ ಮತ್ತೊಂದಕ್ಕೆ ಹೆಂಗಸಿನ ಹೆಸರಿನಿಂದಲೂ ಪರಿಚಿತರಾದರು. ತಿದ್ದಿದ ಕೆಲಸ ಎಲ್ಲ ಗುಂಪುಗಳಿಗೂ ಒಂದೇ ಕಾಲಕ್ಕೆ ಹಿಂದಿರುಗಿತ್ತು. ಆದರೂ ಈ ಚುರುಕಿಗೆ ಗಂಡುಹೆಸರಿಗೆ ೫ಕ್ಕೆ ೪.೩೫, ಹೆಣ್ಣುಹೆಸರಿಗೆ ೩.೫೫ ಅಂಕ ಬಂದಿತೆಂದು ೨೦೧೫ರಲ್ಲಿ ವರದಿಯಾಯಿತು. ವಿದ್ಯಾರ್ಥಿಗಳ ಸಂಖ್ಯೆ ಅಲ್ಲಿ ಚಿಕ್ಕದಾಗಿತ್ತೆಂಬುದು ನಿಜ; ಆದರೂ ಎಚ್ಚರಿಕೆ ದೊಡ್ಡದೇ. ಕೆನಡಾದ ಟೊರಾಂಟೊ ನಗರದಲ್ಲಿ ಅಂದು ರೈಯರ್ಸನ್ ಎಂಬ ಹೆಸರಿದ್ದ ವಿಶ್ವವಿದ್ಯಾನಿಲಯಕ್ಕೂ ಅದರ ಅಧ್ಯಾಪಕರ ಸಂಘಕ್ಕೂ ಇದೇ ವಿಷಯದಲ್ಲಿ ವ್ಯಾಜ್ಯ ನಡೆಯಿತು. ೨೦೧೮ರಲ್ಲಿ ಮಧ್ಯಸ್ಥಗಾರರು, ಬಡ್ತಿಯ ಸಂದರ್ಭದಲ್ಲಿ ಬೋಧನೆಯ ಸಾಫಲ್ಯವನ್ನು ಈ ಸರಾಸರಿಗಳಿಂದ ಅಳೆಯಕೂಡದೆಂದು ತೀರ್ಪಿತ್ತರು.

ಒಬ್ಬ ಅಧ್ಯಾಪಕರ ಜೀವನೋಪಾಯ ಈ ಅಂಕಗಳನ್ನು ಅವಲಂಬಿಸಿರುವಾಗ, ಕಷ್ಟವಾದ ಲೆಕ್ಕವನ್ನು ಬಿಟ್ಟು ಸುಲಭವಾದುದನ್ನು ಹೇಳುವ ಆಸೆ ಅವರಿಗೆ ಹುಟ್ಟುವುದು ಸಹಜ. ಅದರಿಂದ ನಷ್ಟ ಹೊಂದುವವರು ಮುಖ್ಯವಾಗಿ ಅಂಕ ಕೊಟ್ಟ ವಿದ್ಯಾರ್ಥಿಗಳೇ. ಆದುದರಿಂದ ನಿಮ್ಮ ಕೈಗೆ ಅಭಿಪ್ರಾಯಪತ್ರ ಬಂದಾಗ ಎರಡು ನಿಯಮಗಳನ್ನು ಪಾಲಿಸಿರಿ. ಒಂದು, ನೀವು ಕಣ್ಣಾರೆ ಕಂಡು ಕಿವಿಯಾರೆ ಕೇಳಿದುದನ್ನು, ಸಾಧ್ಯವಾದಷ್ಟು ನಿರ್ದಿಷ್ಟವಾಗಿ ಬರೆಯಿರಿ. ‘ಪಾಠ ಚೆನ್ನಾಗಿಲ್ಲ’ ಎಂಬುದಕ್ಕಿಂತ ‘ಉದಾಹರಣೆಗಳು ಸಾಲದು, ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ’ ಎಂಬುದರಿಂದ ಅಧ್ಯಾಪಕರಿಗೆ ಹೆಚ್ಚು ಉಪಕಾರ. ಎರಡು, ‘ಎಷ್ಟು ಕಲಿತಿರಿ?’ ಎಂಬ ಪ್ರಶ್ನೆ ಬಂದರೆ ಮನಸ್ಸಿನ ಸಂತೋಷವನ್ನು ಕೇಳಬೇಡಿ. ಪುಸ್ತಕವನ್ನು ಮುಚ್ಚಿ, ಒಂದು ಬಿಳಿಯ ಹಾಳೆಯ ಮೇಲೆ, ಕಳೆದ ತಿಂಗಳು ಕೇಳಿದ ಪಾಠದ ಸಾರವನ್ನು ಯಾರ ನೆರವೂ ಇಲ್ಲದೆ ಬರೆದು ನೋಡಿ. ಆ ಹಾಳೆಯಲ್ಲಿ ಏನು ಉಳಿದಿದೆಯೋ ಅದನ್ನು ನೋಡಿಕೊಂಡು ಅಂಕವನ್ನು ಗುರುತಿಸಿ.